ಗಾಳಿಗೆ ಕಾಣಬಾರದು, ಕೈಗೆ ಸಿಗಬೇಕು

ಕಳೆದ ವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದನ್ನು ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಟ್ರಯಥ್ಲಾನ್ ಸ್ಪರ್ಧೆಯ ಚಿತ್ರ ಅದು. ಸೈಕಲ್ ಸವಾರ ಹ್ಯಾಂಡಲಿನ ಮೇಲೆ ಮೊಣಕೈ ಊರಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಬೆನ್ನನ್ನು ನೆಲಕ್ಕೆ ಸಮನಾಗಿ ಬಾಗಿಸಿ ತುಳಿಯುತ್ತಿದ್ದಾನೆ. ಅವನ ಸೀಟಿನ ಹಿಂದೆ ಎರಡು ನೀರಿನ ಬಾಟಲಿಗಳು. ಮುಂಗೈಗಳ ನಡುವೆ ಮತ್ತೊಂದು, ಅದೂ ಮಲಗಿಸಿಟ್ಟದ್ದು.

"ಸಾರ್, ಬಾಟಲಿಯನ್ನು ಬೆನ್ನ ಹಿಂದೆ ಕಟ್ಟಿಕೊಂಡರೆ ಕುಡಿಯೋದು ಹೇಗೆ?" ಎಂದ.

ಪಕ್ಕದಲ್ಲಿದ್ದ ಗೆಳೆಯ ತಡೆಯಲಾರದೆ, "ಹಿಂದೆ ಬರೋನಿಗೆ ಇರಬೇಕು ಸಾರ್" ಎಂದುಬಿಟ್ಟ. ಇಡೀ ಸ್ಟಾಫ್ ರೂಮು ನಕ್ಕಿತು.

ನಕ್ಕು ಮುಗಿಸಿದ ಮೇಲೆ ಪ್ರಶ್ನೆ ಮಾತ್ರ ಉಳಿಯಿತು. ಒಂದು ನೀರಿನ ಬಾಟಲಿಯನ್ನು ಎಲ್ಲಿಡಬೇಕು ಎಂಬುದು ನೋಡಲು ಸಣ್ಣ ಸಂಗತಿ. ಆದರೆ ನಾವು ಪಠ್ಯಪುಸ್ತಕದಲ್ಲಿ ಬಿಡಿಬಿಡಿಯಾಗಿ ಓದುವ ಬಲ, ವೇಗ, ಸಾಮರ್ಥ್ಯ, ದ್ರವ್ಯರಾಶಿ ಎಲ್ಲವೂ ಈ ಒಂದು ಬಾಟಲಿಯ ಸುತ್ತ ಬಂದು ನಿಲ್ಲುತ್ತವೆ. ಈ ವಾರ ಅದನ್ನೇ ನೋಡೋಣ.

ಮೊದಲು ಆಟದ ವಿಷಯ. ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಈ ಮೂರನ್ನೂ ಒಂದರ ಬೆನ್ನಿಗೊಂದು ಬಿಡುವಿಲ್ಲದೆ ಮುಗಿಸುವ ಸ್ಪರ್ಧೆ. ಇದರಲ್ಲಿ ಅತ್ಯಂತ ಹೆಸರಾದದ್ದು 'ಐರನ್‌ಮ್ಯಾನ್'. ಅಮೆರಿಕದ ಹವಾಯಿ ದ್ವೀಪಗಳಲ್ಲಿ 1978ರ ಫೆಬ್ರವರಿಯಲ್ಲಿ ಅದು ಮೊದಲ ಬಾರಿಗೆ ನಡೆದಾಗ ಹೊರಟವರು ಕೇವಲ 15 ಮಂದಿ, ಮುಗಿಸಿದವರು 12 ಮಂದಿ. ಸುಮಾರು 3.8 ಕಿ.ಮೀ. ಸಮುದ್ರದಲ್ಲಿ ಈಜಿ, 180 ಕಿ.ಮೀ. ಸೈಕಲ್ ತುಳಿದು, ಆ ಮೇಲೆ 42.2 ಕಿ.ಮೀ.ಗಳ ಪೂರ್ಣ ಮ್ಯಾರಥಾನ್ ಓಡಬೇಕು. ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋದರೂ ಸೈಕಲ್ಲಿನ ಮೇಲೆಯೇ 5 ಗಂಟೆ ಕಳೆಯಬೇಕು. ಇಷ್ಟು ಹೊತ್ತು ನೀರಿಲ್ಲದೆ ನಡೆಯದು.

ಇಲ್ಲಿ ಇನ್ನೊಂದು ಕಟ್ಟುಪಾಡು ಇದೆ. ಸಾಮಾನ್ಯ ಸೈಕಲ್ ಪಂದ್ಯಗಳಲ್ಲಿ ಸವಾರರು ಗುಂಪಾಗಿ, ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡಂತೆ ಹೋಗುತ್ತಾರೆ. ಮುಂದಿನವನು ಗಾಳಿಯನ್ನು ಸೀಳುತ್ತಾನೆ, ಹಿಂದಿನವನಿಗೆ ದುಡಿಮೆ ಕಡಿಮೆಯಾಗುತ್ತದೆ. ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ಇದಕ್ಕೆ ಅವಕಾಶವಿಲ್ಲ. ನಿಗದಿತ ಅಂತರ ಬಿಟ್ಟೇ ಹೋಗಬೇಕು, ಮರೆ ಪಡೆದರೆ ದಂಡನೆ. ಹಾಗಾಗಿ ಪ್ರತಿಯೊಬ್ಬನೂ ತನ್ನ ಪಾಲಿನ ಗಾಳಿಯನ್ನು ತಾನೇ ಸೀಳಿಕೊಂಡು 180 ಕಿ.ಮೀ. ಸಾಗಬೇಕು.

ಈ ಗಾಳಿ ಎಷ್ಟು ದೊಡ್ಡ ಎದುರಾಳಿ? ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ಹಿಡಿದುಕೊಳ್ಳಿ. ಗಾಳಿಯ ತಡೆ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಗಾಳಿಯ ಸಾಂದ್ರತೆ, ಎದುರಿಗೆ ಕಾಣುವ ವಿಸ್ತೀರ್ಣ, ಆಕಾರ ಮತ್ತು ವೇಗದ ವರ್ಗ. ಆಕಾರದ ಗುಣವನ್ನು ಹೇಳುವ ಸಂಖ್ಯೆಗೆ ತಡೆಯ ಗುಣಾಂಕ ಎಂದು ಹೆಸರು. ಇವೆಲ್ಲವನ್ನೂ ಗುಣಿಸಿ ಅರ್ಧ ಮಾಡಿದರೆ ತಡೆಯ ಬಲ ಬರುತ್ತದೆ. ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.2 ಕಿಲೋಗ್ರಾಂ. ಚಿತ್ರದಲ್ಲಿರುವಂತೆ ಬಾಗಿ ಕುಳಿತ ಸವಾರನಿಗೆ ವಿಸ್ತೀರ್ಣ ಮತ್ತು ಗುಣಾಂಕದ ಗುಣಲಬ್ಧ ಸುಮಾರು 0.25 ಚದರ ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಲೆಕ್ಕ ಹಾಕಿದರೆ ತಡೆ 15 ನ್ಯೂಟನ್. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ. ಅಂದರೆ ಗಾಳಿಗಾಗಿಯೇ 150 ವ್ಯಾಟ್.

ಅದೇ ಮನುಷ್ಯ ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋದರೆ? ವೇಗ ಅರ್ಧವಾಯಿತು, ಬಲ ಕಾಲು ಭಾಗವಾಯಿತು, ಸಾಮರ್ಥ್ಯ ಎಂಟನೆಯ ಒಂದು ಭಾಗಕ್ಕೆ ಇಳಿಯಿತು. 150 ವ್ಯಾಟ್ ಇದ್ದದ್ದು 19 ವ್ಯಾಟಿನ ಹತ್ತಿರ ಬಂತು. ಪೇಟೆಗೆ ಹೋಗಿ ತರಕಾರಿ ತರುವ ನಮಗೆ ಗಾಳಿ ಲೆಕ್ಕಕ್ಕೇ ಬರುವುದಿಲ್ಲ, ಸ್ಪರ್ಧಿಗೆ ಮಾತ್ರ ಅದೇ ಮುಖ್ಯ ಖರ್ಚು ಎಂಬುದರ ಗುಟ್ಟು ಇಲ್ಲಿದೆ.

ಚಿಕ್ಕ ಉಳಿತಾಯವೂ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 1989ರ 'ಟೂರ್ ಡಿ ಫ್ರಾನ್ಸ್' ಸೈಕಲ್ ಪಂದ್ಯ ಸಾಕ್ಷಿ. ಮೂರು ವಾರಗಳ ಕಾಲ 3 ಸಾವಿರ ಕಿ.ಮೀ.ಗೂ ಹೆಚ್ಚು ತುಳಿದ ಮೇಲೆ, ಕೊನೆಯ ದಿನ ಫ್ರಾನ್ಸಿನ ಲೊರಾಂ ಫಿನ್ಯೋ 50 ಸೆಕೆಂಡು ಮುಂದಿದ್ದ. ಅಮೆರಿಕದ ಗ್ರೆಗ್ ಲೆಮಾಂಡ್ ಎರಡನೆಯವನು. ವರ್ಸೇಲ್ಸ್‌ನಿಂದ ಪ್ಯಾರಿಸಿಗೆ 24.5 ಕಿ.ಮೀ.ಗಳ ಒಂಟಿ ಸವಾರಿ ಮಾತ್ರ ಉಳಿದಿತ್ತು. ಲೆಮಾಂಡ್ ಟ್ರಯಥ್ಲಾನ್ ಸ್ಪರ್ಧಿಗಳಿಂದ ಎರವಲು ತಂದ ಚಾಚು ಹ್ಯಾಂಡಲನ್ನು ಹಾಕಿಸಿಕೊಂಡು, ಗಾಳಿಗೆ ಹೊಂದುವ ಶಿರಸ್ತ್ರಾಣ ತೊಟ್ಟು ಹೊರಟ. ಫಿನ್ಯೋ ಬರಿತಲೆಯಲ್ಲಿ, ಜುಟ್ಟನ್ನು ಗಾಳಿಗೆ ಬಿಟ್ಟು ಹೊರಟ. ಕೊನೆಗೆ ಇಡೀ ಪಂದ್ಯವನ್ನು ಲೆಮಾಂಡ್ 8 ಸೆಕೆಂಡುಗಳಿಂದ ಗೆದ್ದ. ಆ 8 ಸೆಕೆಂಡು ಹ್ಯಾಂಡಲಿನಿಂದ ಬಂತೋ, ಕಾಲಿನಿಂದ ಬಂತೋ ಎಂದು ಇಂದಿಗೂ ವಾದಿಸುವವರಿದ್ದಾರೆ. ಆದರೆ ಆ ದಿನದ ನಂತರ ಗಾಳಿಯನ್ನು ಕಡೆಗಣಿಸುವ ಧೈರ್ಯವನ್ನು ಯಾವ ಸವಾರನೂ ಮಾಡಲಿಲ್ಲ.

ಈಗ ಬಾಟಲಿಗೆ ಬರೋಣ. ನೀರಿನ ಬಾಟಲಿ ಎಂದೊಡನೆ ನಮಗೆ ಹೊಳೆಯುವುದು ಅದರ ಭಾರ. ಮುಕ್ಕಾಲು ಲೀಟರು ನೀರು ಎಂದರೆ ಮುಕ್ಕಾಲು ಕಿಲೋಗ್ರಾಂ. ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಇಷ್ಟು ಭಾರವನ್ನು ಟೈರಿನ ಮೇಲೆ ಉರುಳಿಸಿಕೊಂಡು ಹೋಗಲು, ಗಂಟೆಗೆ 36 ಕಿ.ಮೀ. ವೇಗದಲ್ಲಿಯೂ, ಹೆಚ್ಚುವರಿಯಾಗಿ ಬೇಕಾಗುವುದು ಅರ್ಧ ವ್ಯಾಟಿಗಿಂತ ಕಡಿಮೆ. ಏರಿನಲ್ಲಿ ಭಾರ ಬಾಧಿಸುತ್ತದೆ ನಿಜ, ಸಮನೆಲದಲ್ಲಿ ಅದು ಹೆಚ್ಚುಕಡಿಮೆ ಪುಕ್ಕಟೆ.

ಆಕಾರದ ಖರ್ಚು ನೋಡಿ. ಸೈಕಲ್ ಬಾಟಲಿಯ ಅಡ್ಡಳತೆ ಸುಮಾರು 7.4 ಸೆಂ.ಮೀ., ಎತ್ತರ 20 ಸೆಂ.ಮೀ. ಅದನ್ನು ಗಾಳಿಗೆ ಎದುರಾಗಿ ನೆಟ್ಟಗೆ ನಿಲ್ಲಿಸಿದರೆ ಗಾಳಿಗೆ ಕಾಣುವ ವಿಸ್ತೀರ್ಣ 148 ಚದರ ಸೆಂ.ಮೀ. ಮೂತಿಯನ್ನು ಮುಂದಕ್ಕೆ ಮಾಡಿ ಮಲಗಿಸಿದರೆ ಕಾಣುವುದು ಒಂದು ವೃತ್ತ ಮಾತ್ರ, 43 ಚದರ ಸೆಂ.ಮೀ. ಅದೇ ವೇಗದಲ್ಲಿ, ಬೇರೇನೂ ಅಡ್ಡ ಇಲ್ಲದೆ ಒಂಟಿಯಾಗಿ ನಿಂತ ಬಾಟಲಿ ಸುಮಾರು 6 ವ್ಯಾಟ್ ಕೇಳುತ್ತದೆ, ಮಲಗಿದ ಬಾಟಲಿ ಸುಮಾರು 2 ವ್ಯಾಟ್. ಇನ್ನೊಂದು ಮಾತು ಗಮನಿಸಿ. ಈ ಲೆಕ್ಕದಲ್ಲಿ ಒಳಗಿನ ನೀರಿನ ಪ್ರಸ್ತಾಪವೇ ಇಲ್ಲ. ಗಾಳಿಗೆ ತುಂಬಿದ ಬಾಟಲಿಯೂ ಒಂದೇ, ಖಾಲಿ ಬಾಟಲಿಯೂ ಒಂದೇ. ಮರೆಯಲ್ಲಿರುವ ತುಂಬಿದ ಬಾಟಲಿಗಿಂತ ಎದುರಿಗೆ ನಿಂತ ಖಾಲಿ ಬಾಟಲಿಯೇ ಸವಾರನಿಗೆ ಹೊರೆ ಎಂದರೆ ನಂಬುವುದು ಕಷ್ಟ, ಆದರೆ ಅದು ನಿಜ.

4 ವ್ಯಾಟ್ ಉಳಿದರೆ ಏನಾಗುತ್ತದೆ? ನಮ್ಮ ಸವಾರನ ಒಟ್ಟು ದುಡಿಮೆ, ಟೈರಿನ ತಡೆಯೂ ಸೇರಿ, ಸುಮಾರು 190 ವ್ಯಾಟ್. ಅದರಲ್ಲಿ 4 ವ್ಯಾಟ್ ಉಳಿದರೆ 5 ಗಂಟೆಗಳ ಸವಾರಿಯಲ್ಲಿ ಸುಮಾರು ಎರಡೂವರೆ ನಿಮಿಷ ಉಳಿಯುತ್ತದೆ. ಒಂದು ಬಾಟಲಿಯನ್ನು ನಿಲ್ಲಿಸುವ ಬದಲು ಮಲಗಿಸಿದ್ದಕ್ಕೆ ಇಷ್ಟು ಲಾಭ!

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ನಿಜವಾದ ಸೈಕಲ್ಲಿನಲ್ಲಿ ಬಾಟಲಿ ಒಂಟಿಯಾಗಿರುವುದಿಲ್ಲ. ಅದರ ಮುಂದೆ ಚಕ್ರ, ಫ್ರೇಮಿನ ಕೊಳವೆ, ತುಳಿಯುತ್ತಿರುವ ಕಾಲುಗಳು ಇರುತ್ತವೆ. ಇದನ್ನು ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ದೊಡ್ಡವರು ಜೊತೆಯಲ್ಲಿರಲಿ. ಮೇಜಿನ ಮೇಲೆ ಒಂದು ಮೋಂಬತ್ತಿ ಹಚ್ಚಿಡಿ. ಅದರ ಮುಂದೆ ಗುಂಡನೆಯ ಗಾಜಿನ ಬಾಟಲಿ ನಿಲ್ಲಿಸಿ, ಈಚೆಯಿಂದ ಬಾಟಲಿಗೆ ಜೋರಾಗಿ ಊದಿ. ಬಾಟಲಿ ಅಡ್ಡವಿದ್ದರೂ ದೀಪ ಆರುತ್ತದೆ. ಗಾಳಿ ಬಾಟಲಿಯ ಮೈಯನ್ನು ಬಳಸಿಕೊಂಡು ಹಿಂದೆ ಬಂದು ಸೇರಿತು. ಈಗ ಬಾಟಲಿ ತೆಗೆದು ಅಷ್ಟೇ ಅಗಲದ ರಟ್ಟನ್ನು ಹಿಡಿದು ಊದಿ. ದೀಪ ಆರುವುದಿಲ್ಲ, ಬದಲಿಗೆ ಜ್ವಾಲೆ ರಟ್ಟಿನ ಕಡೆಗೇ, ಅಂದರೆ ನಿಮ್ಮ ಕಡೆಗೇ ಬಾಗುತ್ತದೆ! ರಟ್ಟಿನ ಅಂಚಿನಲ್ಲಿ ಗಾಳಿ ಕಿತ್ತುಕೊಂಡು ಹೋಗಿ, ಹಿಂದೆ ಒತ್ತಡ ಕಡಿಮೆಯಾದ ಸುಳಿಯ ಜಾಗ ಉಂಟಾಗಿದೆ.

ಗಾಳಿಯ ತಡೆಯ ಬಹುಪಾಲು ಹುಟ್ಟುವುದು ಇಂಥ ಹಿಂಬದಿಯ ಸುಳಿಯಲ್ಲೇ. ಮುಂದಿನಿಂದ ಗಾಳಿ ಒತ್ತುತ್ತದೆ, ಹಿಂದಿನಿಂದ ಒತ್ತುವವರಿಲ್ಲ. ವೇಗ ಹೆಚ್ಚಿದಂತೆ ಗುಂಡು ಬಾಟಲಿಯ ಬೆನ್ನಿಗೂ ಗಾಳಿ ಪೂರ್ತಿ ಅಂಟಿಕೊಂಡು ಬರಲಾರದು, ಪಕ್ಕೆಯಲ್ಲೇ ಕಿತ್ತುಕೊಂಡು ಅಗಲವಾದ ಸುಳಿ ಬಿಡುತ್ತದೆ. ಮೀನಿನಂತೆ ಹಿಂದಕ್ಕೆ ಸಣ್ಣದಾಗುತ್ತ ಹೋಗುವ ಆಕಾರದಲ್ಲಿ ಸುಳಿ ಕಿರಿದು, ಆದ್ದರಿಂದ ತಡೆಯೂ ಕಡಿಮೆ. ವಿಮಾನದ ರೆಕ್ಕೆ ಹಾಗಿರುವುದು ಇದೇ ಕಾರಣಕ್ಕೆ.

ಸುಳಿಯಿಂದ ಒಂದು ಉಪಕಾರವೂ ಉಂಟು. ಒಂದು ಗುಂಡು ಕಂಬದ ಬೆನ್ನಿಗೇ ಅಷ್ಟೇ ದಪ್ಪದ ಇನ್ನೊಂದನ್ನು ಹತ್ತಿರದಲ್ಲಿ ನಿಲ್ಲಿಸಿ ಗಾಳಿ ಬಿಟ್ಟರೆ, ಹಿಂದಿನ ಕಂಬದ ಮೇಲೆ ತಡೆ ಬೀಳುವುದಿರಲಿ, ಅದು ಮುಂದಕ್ಕೆ ಸೆಳೆಯಲ್ಪಡುತ್ತದೆ. ವಾಯು ಸುರಂಗಗಳಲ್ಲಿ ಅಳೆದು ನೋಡಿದ ಸಂಗತಿ ಇದು. ಅಂತರ ಹೆಚ್ಚಿಸಿದರೆ ಈ ಲಾಭ ಮಾಯ. ಅಂದಮೇಲೆ ಸೈಕಲ್ಲಿನ ತಡೆ ಎಂದರೆ ಸವಾರನ ತಡೆ, ಬಾಟಲಿಯ ತಡೆ, ಚಕ್ರದ ತಡೆ ಎಂದು ಬಿಡಿಬಿಡಿಯಾಗಿ ಅಳೆದು ಕೂಡಿಸುವಂಥದ್ದಲ್ಲ. ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಎರಡಕ್ಕೆ ಎರಡು ಕೂಡಿಸಿದರೆ ಇಲ್ಲಿ ಮೂರೂ ಆಗಬಹುದು, ಐದೂ ಆಗಬಹುದು.

ಈಗ ಹುಡುಗನ ಚಿತ್ರವನ್ನು ಮತ್ತೆ ನೋಡೋಣ. ಸೀಟಿನ ಹಿಂದಿರುವ ಬಾಟಲಿಗಳು ಸವಾರನ ಬೆನ್ನು ಮತ್ತು ಸೊಂಟ ಬಿಟ್ಟುಹೋದ ಸುಳಿಯಲ್ಲಿ ಕುಳಿತಿವೆ. ಆ ಗಾಳಿ ಆಗಲೇ ಕದಡಿ ನಿಧಾನವಾಗಿರುವುದರಿಂದ ಬಾಟಲಿಯ ಖರ್ಚು ಬಹಳ ಕಡಿಮೆ. ಆದರೆ ಬೆನ್ನಿನ ಮಟ್ಟಕ್ಕಿಂತ ಮೇಲೆ ತಲೆಯೆತ್ತಿದರೆ, ಅಥವಾ ಎರಡೂ ಬದಿಗೆ ಅಗಲವಾಗಿ ಚಾಚಿಕೊಂಡರೆ ಮತ್ತೆ ಗಾಳಿಗೆ ಕಾಣುತ್ತವೆ. ಮುಂಗೈಗಳ ನಡುವೆ ಮಲಗಿದ ಬಾಟಲಿ ಕೈಗಳ ನಡುವಿನ ಖಾಲಿ ಜಾಗವನ್ನು ತುಂಬುತ್ತದೆ. ಎದೆಗೆ ಬಡಿಯುವ ಗಾಳಿ ಅಲ್ಲಿ ಹೇಗೂ ತಡೆಯಲ್ಪಡುತ್ತಿತ್ತು, ಆದ್ದರಿಂದ ಹೊಸ ಖರ್ಚು ಅಲ್ಪ.

ಹಾಗಾದರೆ ಸಾಮಾನ್ಯ ಸೈಕಲ್ಲುಗಳಲ್ಲಿ ಇರುವಂತೆ ಫ್ರೇಮಿನ ತ್ರಿಕೋನದೊಳಗೆ ಇಟ್ಟರೆ? ಅಲ್ಲಿ ಕಾಲುಗಳು ನಿಮಿಷಕ್ಕೆ ಎಂಬತ್ತು ತೊಂಬತ್ತು ಬಾರಿ ಸುತ್ತುತ್ತ ಗಾಳಿಯನ್ನು ಕಡೆಯುತ್ತಿರುತ್ತವೆ. ತೆಳುವಾದ ಫ್ರೇಮಿನ ಕೊಳವೆಯ ಮೇಲೆ ದಪ್ಪ ಬಾಟಲಿ ಉಬ್ಬಿ ನಿಂತರೆ ಖರ್ಚು ಏರುತ್ತದೆ. ಕೊಳವೆಯೇ ಅಗಲವಾಗಿದ್ದರೆ ಬಾಟಲಿ ಅದರ ಮರೆಯಲ್ಲಿ ಅಡಗುತ್ತದೆ. ಪಕ್ಕದಿಂದ ಬೀಸುವ ಗಾಳಿ ಇದ್ದರೆ ಫಲಿತಾಂಶ ಮತ್ತೆ ಬದಲಾಗುತ್ತದೆ. ಎಲ್ಲ ಸೈಕಲ್ಲಿಗೂ ಎಲ್ಲ ಸವಾರರಿಗೂ ಒಪ್ಪುವ ಒಂದೇ ಉತ್ತರ ಇಲ್ಲದಿರುವುದು ಇದರಿಂದಲೇ.

ನಿಮ್ಮಲ್ಲಿ ಕೆಲವರು ಟಿ.ವಿ.ಯಲ್ಲಿ ಟೂರ್ ಡಿ ಫ್ರಾನ್ಸ್ ನೋಡಿ, ಅಲ್ಲಿ ಯಾರೂ ಹೀಗೆ ಸೀಟಿನ ಹಿಂದೆ ಬಾಟಲಿ ಇಡುವುದಿಲ್ಲವಲ್ಲ ಎಂದು ಕೇಳಬಹುದು. ಅದು ನಿಯಮದ ವ್ಯತ್ಯಾಸ. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟದ ಪಂದ್ಯಗಳಲ್ಲಿ ಬಾಟಲಿ ಫ್ರೇಮಿನ ತ್ರಿಕೋನದ ಒಳಗೇ ಇರಬೇಕು. ಅಡ್ಡಳತೆ 4 ಸೆಂ.ಮೀ.ಗಿಂತ ಕಡಿಮೆ ಇರಕೂಡದು, 10 ಸೆಂ.ಮೀ. ಮೀರಕೂಡದು. ಹಿಡಿಯುವ ನೀರು 400 ಮಿಲಿಲೀಟರಿನಿಂದ 800 ಮಿಲಿಲೀಟರಿನ ನಡುವೆ ಇರಬೇಕು. ಬಾಟಲಿಯ ನೆಪದಲ್ಲಿ ಗಾಳಿ ಸೀಳುವ ರೆಕ್ಕೆಯನ್ನೇ ಸಿಕ್ಕಿಸಿಕೊಂಡಾರು ಎಂಬ ಅನುಮಾನ ನಿಯಮ ಬರೆದವರಿಗೆ! ಟ್ರಯಥ್ಲಾನಿನವರಿಗೆ ಮೊದಲಿನಿಂದಲೂ ಇದರಲ್ಲಿ ಹೆಚ್ಚು ಸ್ವಾತಂತ್ರ್ಯ ಇತ್ತು.

ಇಷ್ಟೆಲ್ಲ ಓದಿದ ಮೇಲೆ ಜಾಣ ವಿದ್ಯಾರ್ಥಿಯೊಬ್ಬ, "ಬಾಟಲಿಯನ್ನೇ ಬಿಟ್ಟು ಹೋದರೆ ಇನ್ನೂ ಲಾಭ ಅಲ್ಲವೇ?" ಎನ್ನಬಹುದು. ಇಲ್ಲಿ ಎಚ್ಚರ ಬೇಕು.

1982ರ ಫೆಬ್ರವರಿ. ಹವಾಯಿಯ ಐರನ್‌ಮ್ಯಾನ್ ಸ್ಪರ್ಧೆ. ಕ್ಯಾಲಿಫೋರ್ನಿಯಾದ ಕಾಲೇಜು ವಿದ್ಯಾರ್ಥಿನಿ ಜೂಲಿ ಮಾಸ್ ತನ್ನ ವ್ಯಾಯಾಮ ವಿಜ್ಞಾನದ ಪ್ರಬಂಧಕ್ಕೆ ವಿಷಯ ಬೇಕೆಂದು ಸ್ಪರ್ಧೆಗೆ ಸೇರಿದ್ದಳು. ಈಜು ಮುಗಿಯಿತು, ಸೈಕಲ್ ಮುಗಿಯಿತು, ಓಟದಲ್ಲೂ ಮಹಿಳೆಯರಲ್ಲಿ ಅವಳೇ ಮುಂದು. ಗುರಿ ಕಣ್ಣೆದುರಿಗೆ ಕಾಣುತ್ತಿದ್ದಾಗ ಬಳಲಿಕೆಯಿಂದ, ದೇಹದ ನೀರು ಬತ್ತಿದ್ದರಿಂದ ಕಾಲು ಸೋತು ಕುಸಿದಳು. ಎದ್ದಳು, ಮತ್ತೆ ಬಿದ್ದಳು. ಅಷ್ಟರಲ್ಲಿ ಕ್ಯಾಥ್ಲೀನ್ ಮೆಕಾರ್ಟ್ನಿ ಅವಳನ್ನು ದಾಟಿ ಹೋಗಿ ಗೆದ್ದಳು. ಜೂಲಿ ಅಂಬೆಗಾಲಿಟ್ಟುಕೊಂಡು ಹೋಗಿ ಗೆರೆ ಮುಟ್ಟಿದಾಗ 29 ಸೆಕೆಂಡು ತಡವಾಗಿತ್ತು. ಟಿ.ವಿ.ಯಲ್ಲಿ ಅದನ್ನು ಕಂಡ ಜನ ಗೆದ್ದವಳಿಗಿಂತ ಹೆಚ್ಚಾಗಿ ಅವಳನ್ನು ನೆನಪಿಟ್ಟುಕೊಂಡರು. ನಮಗೆ ಇಲ್ಲಿ ಬೇಕಾದದ್ದು ದೇಹದ ಲೆಕ್ಕ. ಬಿಸಿಲಲ್ಲಿ ದುಡಿಯುವ ಶರೀರ ಗಂಟೆಗೆ ಸುಮಾರು ಒಂದು ಲೀಟರು ಬೆವರು ಸುರಿಸಬಲ್ಲದು. ರಕ್ತದಲ್ಲಿ ನೀರು ಕಡಿಮೆಯಾದರೆ ಹೃದಯ ಹೆಚ್ಚು ಬಾರಿ ಬಡಿಯಬೇಕು, ಚರ್ಮದಿಂದ ಶಾಖ ಹೊರಹೋಗುವುದು ಕಷ್ಟವಾಗುತ್ತದೆ. ಬಾಟಲಿಯ ಜಾಗದಿಂದ ಉಳಿಸಿದ ಎರಡೂವರೆ ನಿಮಿಷ ಇದರ ಮುಂದೆ ಯಾವ ಲೆಕ್ಕ?

ಹಾಗೆಂದು ಸಿಕ್ಕಿದಷ್ಟೂ ಕುಡಿಯುವುದೂ ತಪ್ಪು. ಗಂಟೆಗಟ್ಟಲೆ ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿನ ಸೋಡಿಯಂ ಅಂಶ ತೆಳುವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಬಾಯಾರಿಕೆ ನೋಡಿಕೊಂಡು ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕಾದರೆ ಬಾಟಲಿ ಕೈಗೆ ಸುಲಭವಾಗಿ ಸಿಗಬೇಕು. ಎದ್ದು, ಹಿಂದಕ್ಕೆ ತಿರುಗಿ, ತಡಕಾಡಿ ತೆಗೆಯಬೇಕಾದ ಬಾಟಲಿಯನ್ನು ಮನುಷ್ಯ 'ಇನ್ನು ಸ್ವಲ್ಪ ಹೊತ್ತು ಹೋಗಲಿ' ಎಂದು ಮುಂದೂಡುತ್ತಾನೆ. ಸೀಟಿನ ಹಿಂದೆ ಸಡಿಲವಾಗಿ ಸಿಕ್ಕಿಸಿದ ಬಾಟಲಿ ಹಳ್ಳಕೊಳ್ಳದಲ್ಲಿ ಹಾರಿ ಬಿದ್ದು ಹಿಂದೆ ಬರುವವರ ಚಕ್ರಕ್ಕೂ ಸಿಗಬಹುದು.

ಕೈಗೆ ಎಟುಕಬೇಕೆಂಬ ಈ ಚಿಂತೆಯಿಂದಲೇ ಒಂದು ಹೊಸ ವಸ್ತು ಹುಟ್ಟಿತು. ಅಮೆರಿಕದ ಟೆಕ್ಸಾಸ್‌ನಲ್ಲಿ 1988ರಲ್ಲಿ ಸುಡುಬಿಸಿಲಿನ ನೂರು ಮೈಲಿ ಸೈಕಲ್ ಸವಾರಿಗೆ ಹೊರಟಿದ್ದ ಮೈಕೆಲ್ ಈಡ್ಸನ್ ತುರ್ತು ವೈದ್ಯಕೀಯ ಸೇವೆಯ ನೌಕರ. ಅವನು ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವಂಥ ಚೀಲಕ್ಕೆ ನೀರು ತುಂಬಿ, ಅದನ್ನು ಉದ್ದನೆಯ ಕಾಲುಚೀಲದೊಳಗೆ ಇಳಿಸಿ ಅಂಗಿಯ ಬೆನ್ನಿಗೆ ಹೊಲಿದುಕೊಂಡ. ಕೊಳವೆಯನ್ನು ಹೆಗಲ ಮೇಲಿಂದ ಬಾಯಿಯ ಬಳಿಗೆ ತಂದ. ಹ್ಯಾಂಡಲಿನಿಂದ ಕೈ ತೆಗೆಯದೆ ಕುಡಿಯುವ ಈ ಉಪಾಯವೇ ಮುಂದೆ 'ಕ್ಯಾಮಲ್‌ಬ್ಯಾಕ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಟ್ರಯಥ್ಲಾನ್ ಸವಾರನ ಮುಂಗೈಗಳ ನಡುವಿನ ಬಾಟಲಿಗೂ ಇಂಥದೇ ಕೊಳವೆ ಉಂಟು. ತಲೆ ತಗ್ಗಿಸಿದ ಹಾಗೆಯೇ ಹೀರಬಹುದು.

ಈಗ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕುಡಿಯುವ ಬಾಟಲಿ ಮುಂದಿನದು, ಹಿಂದಿನವು ದಾಸ್ತಾನು. ಮುಂದಿನದು ಖಾಲಿಯಾದಾಗ ಹಿಂದಿನದನ್ನು ತೆಗೆದು ಅದಕ್ಕೆ ಸುರಿಯುತ್ತಾರೆ. ದಾರಿಯಲ್ಲಿ ಸ್ವಯಂಸೇವಕರು ಕೊಡುವ ಬಾಟಲಿಗಳು ಗುಂಡನೆಯವೇ ಆದ್ದರಿಂದ, ಮೀನಿನಾಕಾರದ ದುಬಾರಿ ಬಾಟಲಿಗಿಂತ ಗುಂಡು ಬಾಟಲಿಯ ಗೂಡು ಇದ್ದವನಿಗೇ ಕೆಲವೊಮ್ಮೆ ಅನುಕೂಲ.

ವಿದ್ಯಾರ್ಥಿಗಳೇ, ಇದನ್ನು ನೀವೇ ಪರೀಕ್ಷಿಸಬಹುದು. ವಾಹನಗಳಿಲ್ಲದ ಮೈದಾನದಲ್ಲಿ, ಗಾಳಿ ಬೀಸದ ಮುಂಜಾನೆ, ಸಣ್ಣ ಇಳಿಜಾರಿನ ಒಂದೇ ಜಾಗದಿಂದ ತುಳಿಯದೆ ಸೈಕಲ್ ಬಿಡಿ. ನಿಂತ ಜಾಗವನ್ನು ಗುರುತು ಮಾಡಿ. ಬಾಟಲಿ ಇಲ್ಲದೆ ಐದು ಸಲ, ಬಾಟಲಿಯನ್ನು ಒಂದೊಂದು ಜಾಗದಲ್ಲಿಟ್ಟು ಐದೈದು ಸಲ. ಬಹುಶಃ ನಿಮಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಏಕೆಂದರೆ ನಿಮ್ಮ ವೇಗ ಕಡಿಮೆ, ಅಲ್ಲಿ ಟೈರಿನದೇ ದರಬಾರು. ಬಾಟಲಿ ಇಲ್ಲದ ಐದು ಸಲದಲ್ಲೇ ನಿಂತ ಜಾಗ ಎರಡು ಮೀಟರು ಹೆಚ್ಚುಕಡಿಮೆಯಾದರೆ, ಬಾಟಲಿಯಿಂದ ಅರ್ಧ ಮೀಟರು ವ್ಯತ್ಯಾಸ ಬಂತು ಎನ್ನಲು ನಿಮಗೆ ಅಧಿಕಾರವಿಲ್ಲ. ಆಮೇಲೆ ಬಾಟಲಿ ಬಿಟ್ಟು, ಒಮ್ಮೆ ನೆಟ್ಟಗೆ ಕುಳಿತು, ಒಮ್ಮೆ ಬಾಗಿ ಕುಳಿತು ನೋಡಿ. ಸವಾರನ ಮೈಯೇ ಎಲ್ಲಕ್ಕಿಂತ ದೊಡ್ಡ ಬಾಟಲಿ ಎಂಬುದು ಆಗ ತಿಳಿದೀತು.

ತಂದೆತಾಯಂದಿರಿಗೂ ಒಂದು ಮಾತು. ಜಾಹೀರಾತು ನೋಡಿ ಮಗ ಗಾಳಿ ಸೀಳುವ ಬಾಟಲಿ ಬೇಕೆಂದು ಹಟ ಹಿಡಿದರೆ, ಶಾಲೆಗೆ ಹೋಗುವ ವೇಗಕ್ಕೆ ಅದು ಎಷ್ಟು ವ್ಯಾಟ್ ಉಳಿಸುತ್ತದೆ ಎಂದು ಮೇಲಿನ ಸೂತ್ರದಿಂದ ಲೆಕ್ಕ ಮಾಡಿಕೊಡಲು ಹೇಳಿ. ವೇಗ ಅರ್ಧವಾದರೆ ಎಂಟನೆಯ ಒಂದು ಭಾಗ ಎಂಬುದನ್ನು ಅವನೇ ಕಂಡುಕೊಳ್ಳಲಿ. ನೀರು ತುಂಬಿಸಿ ಕಳಿಸುವುದನ್ನು ಮಾತ್ರ ಮರೆಯಬೇಡಿ.

ಇಷ್ಟೆಲ್ಲ ವಿವರಿಸಿ ಮುಗಿಸಿದಾಗ ಹುಡುಗ ಚಿತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಅವನ ಗೆಳೆಯ ಮಾತ್ರ ಅಲ್ಲೇ ನಿಂತಿದ್ದ.

"ಸಾರ್, ಖಾಲಿ ಬಾಟಲಿಗೂ ಗಾಳಿ ಅಷ್ಟೇ ತಡೆ ಕೊಡುತ್ತೆ ಅಂದ್ರಿ. ಹಾಗಾದ್ರೆ ಕುಡಿದ ಮೇಲೆ ರಸ್ತೆ ಬದಿಗೆ ಎಸೆದುಬಿಟ್ಟರೆ?"

ಒಳ್ಳೆಯ ಪ್ರಶ್ನೆ. ಲೆಕ್ಕದ ಪ್ರಕಾರ ಅವನು ಹೇಳಿದ್ದು ಸರಿ. ಆದರೆ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲಿ ಕಸ ಎಸೆದರೂ ಆ ಸ್ಪರ್ಧೆಯಲ್ಲಿ ದಂಡನೆ ಉಂಟು. ಉಳಿಸಿದ ನಿಮಿಷವನ್ನು ಅಲ್ಲೇ ತೆತ್ತುಬರಬೇಕು.